ಹಿಡಿ ಅಕ್ಕಿಯ ಡಬ್ಬಿ

ನನ್ನ ಹೆಂಡತಿ ನೀಲಾವತಿ ಕರ್ತನ ಬಳಿಗೆ ಹೋದ ಮೇಲೆ ಅವಳ ವಸ್ತುಗಳೆಲ್ಲ ಒಂದೊಂದಾಗಿ ಬೇರೆ ಕೈ ಸೇರಿದವು. ಸೀರೆಗಳನ್ನು ಮಗಳು ಒಯ್ದಳು. ಹೊಲಿಗೆಯ ಮಶೀನು ಸಭೆಯ ಸ್ತ್ರೀ ಸಮಾಜಕ್ಕೆ ಹೋಯಿತು. ಅಡುಗೆಕೋಣೆಯಲ್ಲಿ ಅಕ್ಕಿಯ ಪೀಪಾಯಿಯ ಪಕ್ಕಕ್ಕಿದ್ದ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಮಾತ್ರ ನಾನು ಯಾರಿಗೂ ಮುಟ್ಟಗೊಡಲಿಲ್ಲ. ಅದರಲ್ಲಿ ಅವಳು ತನ್ನ ಕೈಯಿಂದ ಹಾಕಿದ ಅಕ್ಕಿ ಇತ್ತು.

ನಾವು ಬೆಟಗೇರಿ ಕಡೆಯ ಕ್ರೈಸ್ತರು. ನಮ್ಮಲ್ಲಿ ಅಜ್ಜಿಯಂದಿರ ಕಾಲದಿಂದ ಬಂದ ಒಂದು ರೂಢಿಯಿದೆ. ಅನ್ನಕ್ಕೆಂದು ಅಕ್ಕಿ ಅಳೆದ ಮೇಲೆ ಮನೆಯಾಕೆ ಅದರಿಂದಲೇ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ಸ್ತೋತ್ರ ಹೇಳಿ, ಬೇರೆ ಪಾತ್ರೆಗೆ ಹಾಕುತ್ತಾಳೆ. ಅಂದು ಮನೆಯವರ ಊಟ ಅಷ್ಟು ಕಡಿಮೆಯಾಗಬೇಕು, ಅದೇ ಅದರ ಅರ್ಥ. ತಿಂಗಳ ಮೊದಲನೆಯ ಭಾನುವಾರ ಹಾಗೆ ಕೂಡಿದ ಅಕ್ಕಿಯನ್ನು ದೇವಾಲಯಕ್ಕೆ ಒಯ್ದು ವೇದಿಕೆಯ ಮುಂದಿನ ಹಂಡೆಗೆ ಸುರಿಯುತ್ತಾರೆ. ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ ಈಗ ಹೆಚ್ಚಿನವರು ಮೊಬೈಲಿನಿಂದಲೇ ಕಾಣಿಕೆ ಕಳಿಸುತ್ತಾರೆ. ಹಂಡೆಯ ತಳ ಮುಚ್ಚುವಷ್ಟು ಅಕ್ಕಿ ಬಂದರೆ ಅದೇ ಹೆಚ್ಚು. ನೀಲಾವತಿ ಮಾತ್ರ ಆ ರೂಢಿಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಅಷ್ಟೇ ಅಲ್ಲ, ಸಭೆಯ ಹಿರಿಯರನ್ನು ಕೇಳಿ ಆ ಹಂಡೆಯ ಅಕ್ಕಿಯನ್ನು ಗೋರೆಗಾಂವಿಗೆ ಒಯ್ಯುವುದಕ್ಕೆ ಅಪ್ಪಣೆ ಪಡೆದವಳೂ ಅವಳೇ. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದ ಜಾಗದ ಹಿಂದೆ, ಯಾದಗಿರಿ ಕಡೆಯ ಕೂಲಿಕಾರರು ತಗಡಿನ ಶೆಡ್ಡುಗಳಲ್ಲಿ ಇದ್ದರು. ಒಂದು ಕಟ್ಟಡ ಮುಗಿದರೆ ಪಕ್ಕದ ಕಟ್ಟಡ. ಹೀಗಾಗಿ ಅವರ ಬಿಡಾರ ವರ್ಷಗಟ್ಟಲೆ ಅಲ್ಲೇ ಉಳಿದಿತ್ತು. ನೀಲಾವತಿ ಮೊದಲನೆಯ ಸಲ ಅಲ್ಲಿಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಕೂಲಿಕಾರರ ಮೇಲಿನ ಮುಕಾದಮ ಅಣವೀರಪ್ಪನ ಹೆಂಡತಿ ಹನುಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ ಬಂದೀರಿ? ನಮ್ಮನ್ನ ನಿಮ್ಮ ದೇವರಿಗಿ ಸೇರಿಸ್ಕೊಳ್ಳಾಕೇನು?" ಎಂದಳು.

ನೀಲಾವತಿ ಚಪ್ಪಲಿ ಕಳಚಿ ಒಲೆಯ ಪಕ್ಕದಲ್ಲಿ ಕೂತುಬಿಟ್ಟಳು. "ಹಸಿವಾಗೇದ, ರೊಟ್ಟಿ ಕೊಡ" ಎಂದಳು.

ಅಂದಿನಿಂದ ಶನಿವಾರ ಸಂಜೆ ಅವಳು ಅಲ್ಲಿಗೆ ಹೋಗುತ್ತಿದ್ದಳು. ಅಕ್ಕಿ ಹಂಚಿ ಬರುವುದನ್ನು ಅವಳು ಎಂದೂ ಮಾಡಲಿಲ್ಲ. ಹನುಮವ್ವನ ಒಲೆಯ ಮೇಲೆಯೇ ಅನ್ನ ಮಾಡಿ, ಅವರ ರೊಟ್ಟಿ, ಇವಳ ಅನ್ನ ಎರಡನ್ನೂ ನಡುವೆ ಇಟ್ಟು ಎಲ್ಲರೂ ಕೂಡಿ ಉಣ್ಣುತ್ತಿದ್ದರು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಹೇಳಿದವನು. ಆದರೆ ಗುರುತಿಲ್ಲದವರ ಮನೆಯಲ್ಲಿ ಕಾಲಿಡುವುದು ಹೇಗೆಂಬುದನ್ನು ನನ್ನ ಹೆಂಡತಿಯಷ್ಟು ಚೆನ್ನಾಗಿ ತಿಳಿದವರನ್ನು ನಾನು ಕಾಣಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ.

ಅವಳು ಹೋದ ಮೇಲೆ ಆ ಶನಿವಾರಗಳು ನಿಂತವು. ಮನೆಯಲ್ಲಿ ನಾನು, ಮೊಮ್ಮಗಳು ಜ್ಯೋತ್ಸ್ನಾ ಇಬ್ಬರೇ. ಅವಳು ಬಾಂದ್ರಾದ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಳೆ. ಅನ್ನಕ್ಕಿಡುತ್ತಿದ್ದವನು ನಾನೇ. ಹಿಡಿ ಅಕ್ಕಿ ತೆಗೆಯುವುದಕ್ಕೆ ಮಾತ್ರ ಕೈ ಏಳುತ್ತಿರಲಿಲ್ಲ. ಆ ಡಬ್ಬಿಯಲ್ಲಿ ಅವಳ ಅಕ್ಕಿಯ ಮೇಲೆ ನನ್ನ ಅಕ್ಕಿ ಬಿದ್ದರೆ ಅವಳದು ಯಾವುದೆಂದು ತಿಳಿಯದೆ ಹೋಗುತ್ತದಲ್ಲ ಎಂಬ ಸಂಕಟ.

ಹೀಗಿರುವಾಗ ಕೊರಿಯಾ ದೇಶದ ಒಂದು ಸಭೆಯಿಂದ ಸೇವೆಯ ತಂಡವೊಂದು ನಮ್ಮಲ್ಲಿಗೆ ಬಂತು. ಬಾಲವಾಡಿಯ ಗೋಡೆಗೆ ಬಣ್ಣ ಹಚ್ಚುವುದು, ಮಕ್ಕಳೊಂದಿಗೆ ಆಡುವುದು, ಜನರ ಪರಿಚಯ ಮಾಡಿಕೊಳ್ಳುವುದು ಅವರ ಕೆಲಸ. ನಮ್ಮ ಸಭಾಪಾಲಕರಾದ ಪ್ರೀತಮ್ ಮಂಗಳೂರಿನವರು, ಇನ್ನೂ ತರುಣರು. ಅವರು ಮೊದಲೇ ಎಚ್ಚರಿಸಿದ್ದರು: "ನೋಡಿ ಹಿರಿಯರೇ, ಇವರು ಬಂದದ್ದು ಪ್ರವಾಸಿ ವೀಸಾದಲ್ಲಿ. ಉಪದೇಶ, ಪ್ರಸಂಗ ಇಲ್ಲ, ಕರಪತ್ರ ಇಲ್ಲ. ಕೂತು ಮಾತಾಡಿ, ಗುರುತು ಮಾಡ್ಕೊಂಡು ಬಂದರೆ ಸಾಕು ಮಾರಾಯ್ರೆ."

ಹಾಗಾದರೆ ಇವರನ್ನು ಗೋರೆಗಾಂವಿಗೆ ಕರೆದೊಯ್ಯೋಣ ಎಂದವನು ನಾನೇ. ನೀಲಾವತಿ ತೆರೆದ ಬಾಗಿಲು ಮುಚ್ಚಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು. ನನ್ನೊಬ್ಬನಿಂದ ಆಗದ ಕೆಲಸ ಹತ್ತು ಜನ ಸೇರಿದರೆ ಆದೀತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಜ್ಯೋತ್ಸ್ನಾಳನ್ನೂ ಕರೆದುಕೊಂಡು ಹೋದೆವು. ತಂಡದ ಮುಂದಾಳು ಪಾಕ್ ಎಂಬ ತರುಣ ಒಳ್ಳೆಯ ಹುಡುಗ. ಹಾಡಿದರು, ಬಲೂನು ಊದಿದರು, ಶೆಡ್ಡಿನ ಮಕ್ಕಳ ಕೈ ಹಿಡಿದು ಸುತ್ತು ತಿರುಗಿ ಕುಣಿದರು. ಮಕ್ಕಳ ಕೂಗಾಟಕ್ಕೆ ವಾಚ್‌ಮನ್ ಕೂಡ ಬಂದು ನಿಂತು ನಕ್ಕ. ಅಷ್ಟರಲ್ಲಿ ಹನುಮವ್ವ ತಾಟನ್ನು ಎರಡು ಸಲ ತೊಳೆದು, ಅದರ ತುಂಬ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದಳು.

ಪಾಕ್ ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿ, ಬೇಡ ಎಂದ. ತನ್ನ ಚೀಲದಿಂದ ಬಿಸ್ಕತ್ತಿನ ಪುಡಿಕೆ, ನೀರಿನ ಬಾಟಲಿ ತೆಗೆದು ತೋರಿಸಿದ. ಅವನ ಹಿಂದೆ ಉಳಿದವರೂ ತಲೆಬಾಗಿ ಬೇಡವೆಂದರು. ಅದೇ ಹೊತ್ತಿಗೆ ತಂಡದ ಒಬ್ಬ ಹುಡುಗಿ ಸೀಸೆಯಿಂದ ಕೈ ಶುದ್ಧಿಯ ಔಷಧದ ಹನಿ ಹಾಕಿಕೊಂಡು ಅಂಗೈ ತಿಕ್ಕುತ್ತಿದ್ದಳು. ಆ ಕೈಗಳನ್ನು ಮಕ್ಕಳು ಈಗಷ್ಟೇ ಬಿಟ್ಟಿದ್ದರು.

ಹನುಮವ್ವ ನನ್ನ ಕಡೆ ತಿರುಗಿದಳು. "ಒಲ್ಲಂತಾರೇನ್ರಿ ಮಾಸ್ತರ್ರ?"

"ಅವರ ದೇಶದ ನೀರು ಬ್ಯಾರೆ ಹನುಮವ್ವ, ಹೊಟ್ಟಿಗೆ ಆಗೂದಿಲ್ಲಂತ..."

"ನೀಲಕ್ಕನ ಹೊಟ್ಟಿ ಕಬ್ಬಿಣದ್ದಿತ್ತೇನ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಕೈಯಾಗಿನ ರೊಟ್ಟಿ ಬ್ಯಾಡಂದ್ರ, ನಮ್ಮ ಹುಡುಗರ ಕೈ ಯಾಕ ಹಿಡಕೊಂಡ್ರು?" ಎಂದು ಕೇಳಿದಳು.

ನಾನು ಒಂದು ರೊಟ್ಟಿ ತೆಗೆದುಕೊಂಡು ತಿಂದೆ. ಹೊರಡುವಾಗ ಅಣವೀರಪ್ಪ ಗೇಟಿನವರೆಗೆ ಬಂದ. ಅವನು ಮರ್ಯಾದಸ್ಥ. "ಮಾಸ್ತರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನ ಮುಂದ ಯಾರನ್ನೂ ಕರಕೊಂಡು ಬರಬ್ಯಾಡ್ರಿ. ನೀವೂ ವಯಸ್ಸಾದವ್ರು, ಅಷ್ಟ ದೂರದಿಂದ ಬಂದು ತ್ರಾಸ ಯಾಕ ತಗೋತೀರಿ" ಎಂದ. ಗದರಿಸಿದ್ದರೆ ಉತ್ತರ ಹೇಳಬಹುದಾಗಿತ್ತು. ಅವನು ಕೈ ಮುಗಿದ.

ಲೋಕಲ್‌ನಲ್ಲಿ ಮರಳುವಾಗ ಪಾಕ್ ಸಂತೋಷದಿಂದ ಏನೋ ಹೇಳಿದ. ಜ್ಯೋತ್ಸ್ನಾ ನನ್ನ ಕಿವಿಯ ಹತ್ತಿರ ಬಂದು, "ಅಜ್ಜಾ, ಅವರು ಹೇಳ್ತಿದ್ದಾರೆ, ಇವತ್ತು ಬಹುತ್ ಅಚ್ಛಾ ರಿಲೇಶನ್‌ಶಿಪ್ ಆಯ್ತು ಅಂತ" ಎಂದಳು.

"ಆಯ್ತವಾ" ಎಂದೆ. ಹುಡುಗ ತಪ್ಪು ಮಾಡಬೇಕೆಂದು ಮಾಡಿರಲಿಲ್ಲ. ಹೊರಗಿನದನ್ನು ತಿನ್ನಬೇಡಿ ಎಂದು ಅವರ ಸಭೆ ಕಟ್ಟುನಿಟ್ಟು ಮಾಡಿ ಕಳಿಸಿತ್ತು. ನಮ್ಮ ಸಭಾಪಾಲಕರೂ ಅದನ್ನೇ ಹೇಳಿದ್ದರು. ತಂಡದವರ ನಡುವೆ ಒಬ್ಬರು ಮಾತ್ರ ನಗದೆ ಕೂತಿದ್ದರು. ಯೊನ್‌ಸಿಮ್ ಎಂಬ ಹಿರಿಯ ಹೆಂಗಸು, ಎಪ್ಪತ್ತು ದಾಟಿದವರು. ಅವರನ್ನು ನಮ್ಮ ಮನೆಯಲ್ಲೇ ಇಳಿಸಿದ್ದರು. ಜ್ಯೋತ್ಸ್ನಾ ಕೊರಿಯಾದ ಸೀರಿಯಲ್ ನೋಡಿ ಕಲಿತ ನಾಲ್ಕು ಮಾತಿನಿಂದ ಅವರನ್ನು 'ಹಲ್ಮೊನಿ' ಎಂದು ಕರೆಯುತ್ತಿದ್ದಳು. ಅಜ್ಜಿ ಎಂದು ಅರ್ಥವಂತೆ.

ಮರುದಿನ ಬೆಳಿಗ್ಗೆ ನಾನು ಪ್ರಾರ್ಥನೆ ಮುಗಿಸಿ ಎದ್ದಾಗ ಅಡುಗೆಕೋಣೆಯಲ್ಲಿ ಪಾತ್ರೆಯ ಸದ್ದಾಯಿತು. ಹೋಗಿ ನೋಡಿದರೆ ಯೊನ್‌ಸಿಮ್ ಅಮ್ಮ ಅಕ್ಕಿಯ ಪೀಪಾಯಿ ತೆರೆದಿದ್ದರು. ಮುದುಕನೊಬ್ಬ ತನಗೆ ಬೇಯಿಸಿ ಹಾಕುವುದನ್ನು ನೋಡಿ ಅವರಿಗೆ ನಾಚಿಕೆಯಾಗಿರಬೇಕು. ಪಾವಿನಿಂದ ಅಳೆದು ಅಕ್ಕಿಯನ್ನು ಪಾತ್ರೆಗೆ ಹಾಕಿದರು. ಬೇಡ, ನಾನು ಮಾಡುತ್ತೇನೆ ಎನ್ನುವುದಕ್ಕೆ ಬಾಯಿ ತೆರೆದೆ.

ಅಷ್ಟರಲ್ಲಿ ಅವರು ಆ ಪಾತ್ರೆಯಿಂದ ಒಂದು ಹಿಡಿ ಅಕ್ಕಿ ತೆಗೆದರು. ಕಣ್ಣು ಮುಚ್ಚಿದರು. ತುಟಿ ಅಲುಗಿದವು. ಕಣ್ಣು ತೆರೆದು, ಮುಚ್ಚಿದ ಮುಷ್ಟಿಯನ್ನು ಹಾಗೆಯೇ ಹಿಡಿದುಕೊಂಡು ಅತ್ತಿತ್ತ ಏನನ್ನೋ ಹುಡುಕಿದರು. ಬಿಸ್ಕತ್ತಿನ ಡಬ್ಬಿ ಕಂಡಿತು. ಮುಚ್ಚಳ ಎತ್ತಿ ಒಳಗೆ ನೋಡಿದರು. ಒಳಗೆ ಅಕ್ಕಿ ಇದ್ದದ್ದನ್ನು ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ; ಇರಲೇಬೇಕಾದದ್ದು ಇದೆ ಎಂಬಂತೆ ತಲೆಯಾಡಿಸಿ ಮುಷ್ಟಿ ಸಡಿಲಿಸಿದರು.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಮುಟ್ಟಗೊಡದೆ ಕಾದಿದ್ದ ಡಬ್ಬಿ ಅದು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮಣ್ಣು ಮಾಡಿದ ದಿನ ಕೂಡ ಅಳದವನು ಆಗ ಅತ್ತೆ. ಅವರು ಗಾಬರಿಯಾಗಿ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ನೀರು ಕೊಟ್ಟರು. ನಾನು ಕನ್ನಡದಲ್ಲಿ ಹೇಳಿದೆ, ಅವರು ತಮ್ಮ ಭಾಷೆಯಲ್ಲಿ ಹೇಳಿದರು.

ಜ್ಯೋತ್ಸ್ನಾ ಎದ್ದು ಬಂದು ಮೊಬೈಲು ಹಿಡಿದು ಇಬ್ಬರ ಮಾತನ್ನೂ ಇಬ್ಬರಿಗೆ ತಿಳಿಸಿದಳು. ಅವರ ದೇಶದ ಸಭೆಗಳಲ್ಲಿಯೂ ಇದೇ ರೂಢಿ ಇತ್ತಂತೆ. ಯುದ್ಧ ಮುಗಿದು ಊರೆಲ್ಲ ಹಸಿದಿದ್ದ ಕಾಲದಲ್ಲಿ ಅವರ ತಾಯಿ ಗಂಜಿಗಿದ್ದ ಅಕ್ಕಿಯಿಂದಲೂ ಒಂದು ಚಮಚ ತೆಗೆದಿಡುತ್ತಿದ್ದಳಂತೆ. ಸೋಂಗ್ಮಿ ಎಂದು ಅದಕ್ಕೆ ಹೆಸರು. ಈಗ ಅಲ್ಲಿಯೂ ಬಿಟ್ಟಿದ್ದಾರೆ. ತಾನು ಬಿಟ್ಟಿಲ್ಲ ಎಂದರು. ಹೇಳುವಾಗ ಅವರ ಗದ್ದ ಸ್ವಲ್ಪ ಮೇಲೆದ್ದಿತು. ನೀಲಾವತಿಯೂ ಹಾಗೆಯೇ ಹೇಳುತ್ತಿದ್ದಳು.

"ಹಲ್ಮೊನಿ ಕೇಳ್ತಾರೆ" ಎಂದಳು ಜ್ಯೋತ್ಸ್ನಾ, "ನಿನ್ನೆ ಬ್ರೆಡ್, ಮತ್ಲಬ್ ರೊಟ್ಟಿ ತಂದ ಆಂಟಿ, ಅಜ್ಜಿಯ ಫ್ರೆಂಡಾ ಅಂತ."

"ಆಗಿದ್ದಳು ಎಂದು ಹೇಳು. ನಿನ್ನೆ ಅದು ಮುಗಿಯಿತು ಎಂದೂ ಹೇಳು."

ನೀಲಾವತಿ ಮೊದಲ ದಿನ ಒಲೆಯ ಪಕ್ಕ ಕೂತು ಹೇಳಿದ ಮಾತನ್ನೂ ಹೇಳಿಸಿದೆ. ಯೊನ್‌ಸಿಮ್ ಅಮ್ಮ ಡಬ್ಬಿಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು. ಜ್ಯೋತ್ಸ್ನಾ ನಕ್ಕು, "ಶನಿವಾರ ಹೋಗೋಣ ಅಂತಾರೆ ಅಜ್ಜಾ. ಅವರೇ ಡಿಸೈಡ್ ಮಾಡಿಬಿಟ್ರು" ಎಂದಳು.

ಸುದ್ದಿ ತಿಳಿದು ಪ್ರೀತಮ್ ಫೋನು ಮಾಡಿದರು. "ಹಿರಿಯರೇ, ಈ ಪ್ರಾಯದಲ್ಲಿ ಅವರ ಹೊಟ್ಟೆ ಕೆಟ್ಟರೆ ಆ ಸಭೆಗೆ ನಾನು ಏನು ಜವಾಬು ಕೊಡ್ಲಿ ಮಾರಾಯ್ರೆ? ಪಾಕ್ ಕೂಡ ಬೇಡ ಅಂತಿದ್ದಾರೆ."

ಜ್ಯೋತ್ಸ್ನಾ ಅದನ್ನು ತಿಳಿಸಿ, ಉತ್ತರ ತಂದಳು. "ಪಾಸ್ಟರ್ ಅಂಕಲ್, ಹಲ್ಮೊನಿ ಹೇಳ್ತಾರೆ, ಹೊಟ್ಟೆ ನನ್ನದು. ಪಾಕ್ ಹುಟ್ಟೋಕೆ ಮುಂಚೆಯಿಂದ ಇದೆ, ಪಾಕ್‌ನ ರೂಲ್ ಅದಕ್ಕೆ ಗೊತ್ತಿಲ್ಲ ಅಂತೆ."

ಆ ಕಡೆ ಪ್ರೀತಮ್ ನಕ್ಕುಬಿಟ್ಟರು. "ಆಯ್ತು, ಹೋಗಿ ಬನ್ನಿ. ದೇವರು ದೊಡ್ಡವನು."

ಶನಿವಾರ ನಾವು ಮೂವರೇ ಹೊರಟೆವು. ಘಾಟ್ಕೋಪರಿನಿಂದ ಮೆಟ್ರೋದಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅಂಧೇರಿಯಲ್ಲಿ ಲೋಕಲ್ ಹತ್ತಿದ ಮೇಲೆ ಯೊನ್‌ಸಿಮ್ ಅಮ್ಮ ಅದನ್ನು ತಾವೇ ತೆಗೆದುಕೊಂಡು ಎದೆಗೆ ಹಿಡಿದರು. ದಾರಿಯುದ್ದಕ್ಕೂ ಜ್ಯೋತ್ಸ್ನಾ ಅವರಿಗೆ ಒಂದು ವಾಕ್ಯ ಕಲಿಸಿದಳು. ಎದುರು ಕೂತ ಮರಾಠಿ ಹೆಂಗಸರು ಕೇಳಿ ಕೇಳಿ ತಾವೂ ಆ ವಾಕ್ಯ ಕಲಿತು ನಕ್ಕರು. ಡಬ್ಬಿಯ ಅಕ್ಕಿಯನ್ನು ಹನುಮವ್ವನ ಒಲೆಯ ಮೇಲೆ ಬೇಯಿಸಿ ಉಂಡುಬಿಟ್ಟರೆ ನೀಲಾವತಿಯ ಕೈಯದು ನನಗೇನೂ ಉಳಿಯುವುದಿಲ್ಲ ಎಂಬ ಯೋಚನೆ ನನಗೆ ಗೋರೆಗಾಂವಿನವರೆಗೂ ಇತ್ತು.

ಹನುಮವ್ವ ನಮ್ಮನ್ನು ಕಂಡಳು. ಏಳಲಿಲ್ಲ. ಬರ್ರಿ ಎನ್ನಲಿಲ್ಲ. ಮುರಿದ ಹಲಗೆಯ ತುಂಡೊಂದನ್ನು ಒಲೆಗೆ ತಳ್ಳಿ ಹಿಟ್ಟು ನಾದತೊಡಗಿದಳು. ಪಕ್ಕದ ಶೆಡ್ಡಿನ ಮಲ್ಲಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹನುಮವ್ವ, ಇವರು..." ಎಂದೆ.

ಯೊನ್‌ಸಿಮ್ ಅಮ್ಮ ಬೂಟು ಕಳಚಿ ಬದಿಗಿಟ್ಟರು. ಒಲೆಯ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಹೊಟ್ಟೆಯ ಮೇಲೆ ಕೈಯಿಟ್ಟು, ಒಂದೊಂದೇ ಅಕ್ಷರ ಎಣಿಸಿದಂತೆ ಹೇಳಿದರು: "ಹಸಿವಾಗೇದ. ರೊಟ್ಟಿ ಕೊಡ."

ಹನುಮವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು. "ಈ ಮಾತ ಈಕೀಗಿ ಯಾರ ಕಲಿಸ್ಯಾರ?"

"ನೀಲಾವತಿ" ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೆ ಅಷ್ಟು ಸುಲಭವಾಗಿ ಸೋಲುವವಳಲ್ಲ. "ಯಾಕಬೇ ಮುದುಕಿ, ಐತವಾರ ಹಸಿವಿದ್ದಿಲ್ಲೇನು? ಇವತ್ತ ನೆಪ್ಪಾತೇನು?" ಎನ್ನುತ್ತ ಹಂಚಿನ ಮೇಲಿನ ರೊಟ್ಟಿ ತೆಗೆದು, ಅದರ ಮೇಲೆ ಬೇಕೆಂದೇ ಕೆಂಪು ಖಾರವನ್ನು ಮುದ್ದೆಯಷ್ಟು ಹಾಕಿ ಕೊಟ್ಟಳು. ಯೊನ್‌ಸಿಮ್ ಅಮ್ಮ ಎರಡೂ ಕೈ ಚಾಚಿ ತೆಗೆದುಕೊಂಡರು. ಖಾರ ಹಚ್ಚಿ ತಿಂದರು. ಮೂಗಿನ ತುದಿ ಕೆಂಪಾಯಿತು. ಬೆರಳು ನೆಕ್ಕಿ ಮತ್ತೆ ಕೈ ಚಾಚಿದರು.

"ಯವ್ವಾ! ಖಾರ ಬೇಡತಾಳಲ್ಲೇ ಈಕಿ!" ಎಂದು ಮಲ್ಲಕ್ಕ ಕೂಗಿದಳು. ಹೆಂಗಸರೆಲ್ಲ ಬಂದು ಸುತ್ತ ಕೂತರು. ಯೊನ್‌ಸಿಮ್ ಅಮ್ಮ ತಾವೂ ರೊಟ್ಟಿ ಬಡಿಯಲು ನೋಡಿದರು. ಹಿಟ್ಟು ಮೂರು ಕಡೆ ಹರಿದು ಕೈಗೆ ಮೆತ್ತಿತು.

"ಈಕೀಗಿ ಅತ್ತಿ ಇದ್ದಿಲ್ಲ ಕಾಣಸ್ತದ, ಬಡದು ಕಲಿಸೂವಾಕಿ" ಎಂದಳು ಹನುಮವ್ವ. ಈಗ ಅವಳ ದನಿಯಲ್ಲಿ ನಗೆಯಿತ್ತು.

ನಾನು ಡಬ್ಬಿ ತೆರೆದೆ. ನಾಚಿಕೆಯಾಯಿತು. ಅಷ್ಟು ದಿನ ಮುಚ್ಚಿಟ್ಟ ಅಕ್ಕಿಯಲ್ಲಿ ನುಸಿ ಬಿದ್ದಿತ್ತು. ನಾನು ಕಾದದ್ದು ಹೀಗೆ. ಹನುಮವ್ವ ಅಕ್ಕಿ ಕೇರಲು ಮೊರ ತಂದಳು. ಅವಳು ಕೇರುವ ಮೊದಲೇ ಯೊನ್‌ಸಿಮ್ ಅಮ್ಮ ಮೊರವನ್ನು ಅವಳ ಕೈಯಿಂದ ತೆಗೆದುಕೊಂಡರು. ಅಕ್ಕಿ ಗಾಳಿಗೆ ಎದ್ದು ಸದ್ದಿಲ್ಲದೆ ಮರಳಿ ಮೊರದ ಮೇಲೆ ಬಿತ್ತು. ನುಸಿ, ನುಚ್ಚು ಮುಂದಕ್ಕೆ ಹಾರಿದವು. ಒಂದು ಕಾಳು ಚೆಲ್ಲಲಿಲ್ಲ. ಹನುಮವ್ವ ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡಿದಳು.

"ಒಕ್ಕಲತನದ ಮನಿ ಹೆಣ್ಮಗಳ ಬಿಡ್ರಿ" ಎಂದಳು. ಅದಕ್ಕಿಂತ ದೊಡ್ಡ ಮಾತು ಅವಳ ಬಾಯಲ್ಲಿ ಇಲ್ಲ.

ಅನ್ನ ಆಗುವ ಹೊತ್ತಿಗೆ ಅಣವೀರಪ್ಪ ಕೆಲಸದಿಂದ ಬಂದ. ಸಿಮೆಂಟಿನ ಕೈ ತೊಳೆದು, ಯೊನ್‌ಸಿಮ್ ಅಮ್ಮನನ್ನೂ ಅವರ ಕೈಯ ರೊಟ್ಟಿಯನ್ನೂ ನೋಡಿದ. "ಇದು ನೀಲಕ್ಕನ ಅಕ್ಕಿಯೇನ್ರಿ?" ಎಂದು ಕೇಳಿದ. ಹೌದೆಂದೆ. ಅವನು ಕೂತ. ನಾನು ಊಟದ ಪ್ರಾರ್ಥನೆ ಮಾಡುವಾಗ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾವು ಉಂಡೆವು. ಆ ಅನ್ನ ಉಂಡು ಮುಗಿಸಿದರೆ ನನಗೇನೂ ಉಳಿಯುವುದಿಲ್ಲ ಎಂದುಕೊಂಡಿದ್ದೆನಲ್ಲ, ಸುತ್ತ ಕೂತ ಅಷ್ಟು ಜನರನ್ನು ನೋಡಿದಾಗ ಆ ಯೋಚನೆ ಎಲ್ಲಿ ಹೋಯಿತೋ ತಿಳಿಯದು.

ಹೊರಡುವಾಗ ಖಾಲಿ ಡಬ್ಬಿ ಎತ್ತಿಕೊಂಡೆ. ಹನುಮವ್ವ ಅದನ್ನು ಕಸಿದುಕೊಂಡಳು. "ಖಾಲಿ ಡಬ್ಬಿ ಒಯ್ತಾರೇನ್ರಿ ಮನೀಗಿ?" ಒಳಗೆ ಹೋಗಿ ಚೀಲದಿಂದ ಒಂದು ಹಿಡಿ ಜೋಳ ತಂದು ಹಾಕಿದಳು. "ಅಕ್ಕಿ ಅಲ್ಲ, ಜೋಳ. ನಿಮ್ಮ ಗುಡಿಯಾಗ ನಡೀತದೋ ಇಲ್ಲೋ?"

"ನಡೀತದವಾ."

ಅಣವೀರಪ್ಪ ಈ ಸಲವೂ ಗೇಟಿನವರೆಗೆ ಬಂದ. ಹೋದ ಸಲ ಹೇಳಿದ ಮಾತಿನ ಸುದ್ದಿಯನ್ನೇ ಅವನು ಎತ್ತಲಿಲ್ಲ. "ಮಾಸ್ತರ್ರ, ಬರೂ ಶನಿವಾರ ಈ ಗೇಟಿಗೆ ಕಾಂಕ್ರೀಟಿನ ಗಾಡಿ ನಿಂತಿರ್ತಾವ. ಹಿಂದಿನ ಗೇಟಿಲೆ ಬರ್ರಿ. ನಾ ವಾಚ್‌ಮನ್‌ಗ ಹೇಳಿಟ್ಟಿರ್ತೀನಿ" ಎಂದ.

ಮರುದಿನ ತಿಂಗಳ ಮೊದಲನೆಯ ಭಾನುವಾರ. ತಂಡದವರ ಬೀಳ್ಕೊಡುಗೆಯೂ ಅಂದೇ. ಕಾಣಿಕೆಯ ಹೊತ್ತಿಗೆ ನಾನು ಡಬ್ಬಿ ಹಿಡಿದು ಮುಂದೆ ಹೋಗಿ ಹಂಡೆಗೆ ಸುರಿದೆ. ತಳದಲ್ಲಿದ್ದ ಬಿಳಿಯ ಅಕ್ಕಿಯ ಮೇಲೆ ಜೋಳದ ಕಾಳು ಎದ್ದು ಕಂಡವು. ಹಂಡೆಯ ಪಕ್ಕದಲ್ಲಿ ನಿಂತಿದ್ದ ಸ್ತ್ರೀ ಸಮಾಜದ ಪ್ರಫುಲ್ಲಾ ಬಗ್ಗಿ ನೋಡಿ, "ಹಿರಿಯರೇ, ಇದು ಜೋಳ ಅಲ್ವಾ? ತಪ್ಪಿ ಬಿದ್ದದ್ದಾ? ಹೆಕ್ಕಿ ತೆಗೀತೇನೆ" ಎಂದು ಮೆಲ್ಲಗೆ ಹೇಳಿ ಕೈ ಹಾಕಿದಳು.

"ಮುಟ್ಟಬೇಡಿ" ಎಂದೆ. ದೇವಾಲಯದಲ್ಲಿ ನಾನು ಎಂದೂ ದನಿ ಎತ್ತಿದವನಲ್ಲ. ಅಂದು ಕೊನೆಯ ಬೆಂಚಿನವರಿಗೂ ಕೇಳುವಂತೆ ಹೇಳಿದೆ. "ಗೋರೆಗಾಂವಿನ ಹನುಮವ್ವ ಕೊಟ್ಟದ್ದು. ಅವಳು ನನ್ನ ಹೆಂಡತಿಯ ಗೆಳತಿ."

ಪ್ರಫುಲ್ಲಾ ಕೈ ಹಿಂದೆಗೆದಳು. ಪ್ರೀತಮ್ ಹಂಡೆಯ ಮೇಲೆ ಕೈ ಚಾಚಿ ಪ್ರಾರ್ಥಿಸುವಾಗ ಹನುಮವ್ವನ ಹೆಸರನ್ನೂ ನೀಲಾವತಿಯ ಹೆಸರನ್ನೂ ಸೇರಿಸಿದರು. ಪಾಕ್ ಜ್ಯೋತ್ಸ್ನಾಳಿಂದ ಕೇಳಿ ತಿಳಿದು ತಲೆ ತಗ್ಗಿಸಿದ. ಆಮೇಲೆ ನನ್ನ ಬಳಿ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದ. ನಾನು ಅವನ ಬೆನ್ನು ತಟ್ಟಿದೆ. ಯೊನ್‌ಸಿಮ್ ಅಮ್ಮ ಮುಂದಿನ ಸಾಲಿನಲ್ಲಿ ಗದ್ದ ಎತ್ತಿ ಕೂತಿದ್ದರು. ಹೊಟ್ಟೆ ಏನೂ ಕೆಟ್ಟಿರಲಿಲ್ಲ.

ಅವರು ವಿಮಾನ ಹತ್ತಿ ಹೋದ ಮರುದಿನ ಬೆಳಿಗ್ಗೆ ಅಕ್ಕಿ ಅಳೆದೆ. ಪಾತ್ರೆಯಿಂದ ಒಂದು ಹಿಡಿ ತೆಗೆದೆ. ನನ್ನ ಕೈ ದೊಡ್ಡದು. ನೀಲಾವತಿಯ ಹಿಡಿ ಅಷ್ಟಿರಲಿಲ್ಲ. ಕಡಿಮೆ ಮಾಡೋಣವೇ ಎಂದು ಒಂದು ಕ್ಷಣ ನೋಡಿದೆ. ಶನಿವಾರ ಅಲ್ಲಿ ಉಣ್ಣುವವರು ಬಹಳ ಜನ. ಕಣ್ಣು ಮುಚ್ಚಿ ಸ್ತೋತ್ರ ಹೇಳಿ, ಅಷ್ಟನ್ನೂ ಡಬ್ಬಿಗೆ ಹಾಕಿದೆ.